ಮೆಟಲ್, ಹಾರ್ಡ್ ರಾಕ್ ಕೇಳಲು ಯಾವ ಇಯರ್‌ಫೋನ್? ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳು



ಈ ಪುಟದಲ್ಲಿ ಸಾಮಾನ್ಯವಾಗಿ ಬರುವುದು ಭಾಷಾ ಅಲ್ಪಸಂಖ್ಯಾತರ ಪ್ರಮಾಣಪತ್ರ, ಕನ್ನಡ ಮಾಧ್ಯಮ ಶಾಲೆಗಳ ಪ್ರವೇಶ, ರಾಜ್ಯೋತ್ಸವದ ಜಮಾಖರ್ಚು. ಈ ಸಲದ ವಿಷಯ ಬೇರೆ. ಮೆಟಲ್ ಸಂಗೀತ ಕೇಳಲು ಯಾವ ಇಯರ್‌ಫೋನ್ ಕೊಳ್ಳಬೇಕು ಎಂದು ಯುವ ಸದಸ್ಯರು ಕೆಲವರು ಪದೇಪದೇ ವಿಚಾರಿಸುತ್ತಿದ್ದರು. ಕಾರ್ಯದರ್ಶಿಗೆ ಇದೆಲ್ಲ ಏನು ಗೊತ್ತು ಎಂದು ನಗುವವರಿಗೆ ಹೇಳುತ್ತೇನೆ: ಮೊದಲು ಏನೂ ಗೊತ್ತಿರಲಿಲ್ಲ. ಮಗ ಮನೆಯಲ್ಲಿ ಬಿಟ್ಟುಹೋದ ಒಂದು ಜೊತೆಯನ್ನು ಕಿವಿಗಿಟ್ಟುಕೊಂಡು ಕುತೂಹಲಕ್ಕೆ ಕೇಳತೊಡಗಿದವನು, ನಿವೃತ್ತಿಯ ನಂತರದ ಸಮಯವನ್ನು ಇದಕ್ಕೂ ಸ್ವಲ್ಪ ಕೊಟ್ಟಿದ್ದೇನೆ.

ನಮ್ಮಂಥ ಊರುಗಳಲ್ಲಿ ತೊಂದರೆ ಏನೆಂದರೆ, ಕಿವಿಗಿಟ್ಟು ನೋಡಿ ಕೊಳ್ಳುವ ಅಂಗಡಿಯೇ ಇಲ್ಲ. ತಾಳವಾಡಿಯಲ್ಲಾಗಲಿ, ಅಕ್ಕಲಕೋಟೆಯಲ್ಲಾಗಲಿ, ಮಡಕಶಿರಾದಲ್ಲಾಗಲಿ ಫೋನ್ ಅಂಗಡಿಯವರು ಗಾಜಿನೊಳಗಿನ ಡಬ್ಬ ತೋರಿಸುತ್ತಾರೆ, ಅಷ್ಟೇ. ಆನ್‌ಲೈನ್‌ನಲ್ಲಿ ತರಿಸಿದರೆ, ಕಿವಿಯೊಳಗೆ ಹೋಗುವ ವಸ್ತುವಾದ್ದರಿಂದ ಡಬ್ಬ ಒಡೆದ ಮೇಲೆ ವಾಪಸು ತೆಗೆದುಕೊಳ್ಳದ ಮಾರಾಟಗಾರರು ಬಹಳ. ಹಾಗೆ ಹಣ ಹೋಗುವುದು ಒಂದು ಕಡೆ. ಹೊಂದದ ಇಯರ್‌ಫೋನಿನಲ್ಲಿ ಏನೋ ಕಡಿಮೆ ಎನಿಸಿ ವಾಲ್ಯೂಮ್ ಏರಿಸುತ್ತಾ ಹೋಗುವುದು ಇನ್ನೊಂದು ಕಡೆ. ಅದರ ಲೆಕ್ಕವನ್ನು ಕೊನೆಗೆ ಕಿವಿ ಕಟ್ಟುತ್ತದೆ.

ಹೆಸರು ಬಂದದ್ದು ವೇದಿಕೆಯಿಂದ

ಕಿವಿಯ ನಾಳದೊಳಗೆ ರಬ್ಬರ್ ತುದಿ ಇಟ್ಟು ಮುಚ್ಚಿಕೊಳ್ಳುವ ಇಯರ್‌ಫೋನಿಗೆ ಇನ್-ಇಯರ್ ಮಾನಿಟರ್ ಎಂದೂ, ಚಿಕ್ಕದಾಗಿ ಐಇಎಂ ಎಂದೂ ಹೆಸರು. ಮಾನಿಟರ್ ಎಂದರೆ ಹಾಡುವವರಿಗೆ, ನುಡಿಸುವವರಿಗೆ ತಮ್ಮದೇ ಸದ್ದು ಕೇಳಲೆಂದು ವೇದಿಕೆಯ ಮೇಲೆ ಇಡುವ ಸ್ಪೀಕರ್. ನಮ್ಮ ಸಂಘದ ಕಾರ್ಯಕ್ರಮಗಳಲ್ಲೂ ಗಾಯಕರ ಕಾಲ ಬಳಿ ಓರೆಯಾಗಿ ಇಡುತ್ತೇವಲ್ಲ, ಅದೇ. ರಾಕ್ ವೇದಿಕೆಯಲ್ಲಿ ಡ್ರಮ್ಸ್ ಮತ್ತು ಗಿಟಾರ್‌ಗಳ ಅಬ್ಬರವನ್ನು ಮೀರಿ ಅದು ಕೇಳಬೇಕಾದರೆ ಇನ್ನೂ ಜೋರು ಮಾಡಬೇಕು. ಜೋರು ಮಾಡಿದಷ್ಟೂ ಕಿವಿ ಕೆಡುತ್ತದೆ. 1990ರ ದಶಕದ ಮಧ್ಯದಲ್ಲಿ ಅಮೆರಿಕದ ವ್ಯಾನ್ ಹೇಲನ್ ತಂಡದ ಧ್ವನಿ ಎಂಜಿನಿಯರ್ ಜೆರ್ರಿ ಹಾರ್ವಿ, ಆ ತಂಡದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಕಿವಿಯೊಳಗೆ ಕೂರುವ ಮಾನಿಟರ್ ತಯಾರಿಸಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಎಂಬ ಕಂಪನಿ ಹುಟ್ಟಿದ್ದು ಅದರಿಂದಲೇ. ಹೊರಗಿನ ಸದ್ದನ್ನು ತಡೆದು, ಕಡಿಮೆ ವಾಲ್ಯೂಮಿನಲ್ಲೇ ಎಲ್ಲವೂ ಕೇಳುವಂತೆ ಮಾಡುವುದು ಇದರ ಮೂಲ ಉದ್ದೇಶ ಎಂಬುದನ್ನು ಕೊಳ್ಳುವಾಗ ಮರೆಯಬಾರದು.

ಮೆಟಲ್ ಸದ್ದಿನೊಳಗೆ ಏನೇನಿದೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಲೋಹದ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಟೋನಿ ಅಯೋಮಿ ಎಂಬ ಹುಡುಗ ತನ್ನ 17ನೇ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಎಡಗೈ ವಾದಕನಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಬೆರಳುಗಳಿಂದ. ಪ್ಲಾಸ್ಟಿಕ್ ಕರಗಿಸಿ ತಾನೇ ಬೆರಳುಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ, ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದ. ಬ್ಲ್ಯಾಕ್ ಸಬ್ಬತ್ ತಂಡದ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಂ ಹೊತ್ತಿಗೆ ಗಿಟಾರ್‌ನ ಶ್ರುತಿ ಮೂರು ಅರ್ಧಸ್ವರ ಕೆಳಗಿಳಿದಿತ್ತು. ಮೆಟಲ್ ಸಂಗೀತದ ಆ ದಪ್ಪ, ಭಾರವಾದ ಸದ್ದಿಗೆ ಅದು ದೊಡ್ಡ ಕಾರಣಗಳಲ್ಲೊಂದು.

ಈ ಕಥೆಗೂ ಇಯರ್‌ಫೋನಿಗೂ ಸಂಬಂಧವಿದೆ. ಮಾಮೂಲು ಶ್ರುತಿಯಲ್ಲಿ ಗಿಟಾರ್‌ನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಅಯೋಮಿ ಇಳಿಸಿದ್ದು ಸುಮಾರು 69ಕ್ಕೆ. ಈಗಿನ 7 ತಂತಿಯ ಗಿಟಾರ್ 62ರವರೆಗೆ, 8 ತಂತಿಯದು 46ರವರೆಗೆ ಇಳಿಯುತ್ತದೆ. ಬೇಸ್ ಗಿಟಾರ್ ಇರುವುದು 41ರಲ್ಲಿ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಗುದ್ದು ಹೆಚ್ಚುಕಡಿಮೆ 50ರಿಂದ 80ರ ನಡುವೆ. ಹೀಗೆ ಗಿಟಾರ್, ಬೇಸ್, ಡ್ರಮ್ ಮೂರೂ ಒಂದೇ ಕೋಣೆಯಲ್ಲಿ ಕುಳಿತಂತೆ. ಸಿನಿಮಾ ಹಾಡಿನಲ್ಲಿ ಈ ಜಾಗ ಸಾಕಷ್ಟು ಖಾಲಿ ಇರುತ್ತದೆ, ಮೆಟಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಆದ್ದರಿಂದ ಡಬ್ಬದ ಮೇಲೆ 'ಎಕ್ಸ್‌ಟ್ರಾ ಬೇಸ್' ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನೋಡಿ ಮೆಟಲ್‌ಗೆ ಇದೇ ಸರಿ ಎಂದು ಕೊಳ್ಳುವುದು ದೊಡ್ಡ ತಪ್ಪು. ಅಂಥವುಗಳಲ್ಲಿ ಬಹುಪಾಲು 100ರಿಂದ 300 ಹರ್ಟ್ಸ್‌ವರೆಗೂ ಉಬ್ಬಿಸಿರುತ್ತಾರೆ. ಗಿಟಾರ್‌ಗಳ ದಪ್ಪನೆಯ ಮೈ ಇರುವುದೂ ಅಲ್ಲೇ. ಎಲ್ಲ ಸೇರಿ ಅಂಬಲಿಯಾಗುತ್ತದೆ. ಬೇಸ್ ಏರಿಕೆ ಬೇಕು, ಆದರೆ ಅದು ಸುಮಾರು 100-150 ಹರ್ಟ್ಸ್‌ಗಿಂತ ಕೆಳಗೇ ಮುಗಿದಿರಬೇಕು. ಕಾಸರಗೋಡಿನ ಸದಸ್ಯರಿಗೆ ಹೇಳುವುದಾದರೆ, ಯಕ್ಷಗಾನದಲ್ಲಿ ಚೆಂಡೆಯೂ ಮದ್ದಳೆಯೂ ಒಟ್ಟಿಗೆ ನುಡಿಯುವಾಗ ಎರಡೂ ಬೇರೆ ಬೇರೆ ಕೇಳಬೇಕು ತಾನೇ? ಕೆಟ್ಟ ಮೈಕಿನಲ್ಲಿ ಎರಡೂ ಒಂದೇ ಗದ್ದಲವಾಗುತ್ತದಲ್ಲ, ಅದೇ ಇಲ್ಲಿಯೂ ಆಗುವುದು.

ಇನ್ನು ಮೇಲಿನ ಭಾಗ. ಎರಡು ಪೆಡಲ್ ಇಟ್ಟು ಮಷೀನಿನ ಹಾಗೆ ಬಾರಿಸುವ ಕಿಕ್ ಡ್ರಮ್‌ನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುವುದು ಕೆಳಗಿನ ಗುದ್ದಿನಿಂದಲ್ಲ. ಸುತ್ತಿಗೆ ಚರ್ಮಕ್ಕೆ ತಗಲುವ 'ಟಕ್' ಸದ್ದಿನಿಂದ, ಅದು ಇರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಗಿಟಾರ್‌ನ ಗರಗಸದಂಥ ಕಚ್ಚುವಿಕೆಯೂ, ಕಿರುಚುವ ಗಂಟಲೂ ಅಲ್ಲೇ. ನಮ್ಮ ಕಿವಿಯ ನಾಳ ತೆರೆದಿದ್ದಾಗ ಸುಮಾರು 3,000 ಹರ್ಟ್ಸ್ ಬಳಿಯ ಸದ್ದನ್ನು ಸಹಜವಾಗಿಯೇ ಎತ್ತಿಕೊಡುತ್ತದೆ. ನಾಳವನ್ನು ರಬ್ಬರ್ ಹಾಕಿ ಮುಚ್ಚಿದರೆ ಆ ಸಹಾಯ ತಪ್ಪುತ್ತದೆ. ಅದನ್ನು ತುಂಬಿಕೊಡಲು ಇಯರ್‌ಫೋನ್ ತಯಾರಕರು ಅಲ್ಲಿ ಏರಿಕೆ ಕೊಡುತ್ತಾರೆ. ಹದವಾಗಿದ್ದರೆ ಸರಿ. ಅತಿಯಾದರೆ ಕರ್ನಾಟಕ ಸಂಗೀತಕ್ಕೆ ಸೊಗಸಾಗಿ ಕೇಳಿದ ಅದೇ ಇಯರ್‌ಫೋನ್ ಮೆಟಲ್ ಹಾಕಿದ ಹತ್ತೇ ನಿಮಿಷಕ್ಕೆ ತಲೆನೋವು ತರುತ್ತದೆ. ಎಲ್ಲರೂ ಹೊಗಳಿದ ಇಯರ್‌ಫೋನ್ ತನಗೆ ಯಾಕೆ ಹಿಡಿಸಲಿಲ್ಲ ಎಂದು ಒಬ್ಬ ಸದಸ್ಯರು ಕೇಳಿದ್ದರು. ಕಾರಣ ಬಹುಶಃ ಇದೇ.

ಸಿಂಬಲ್‌ಗಳ ಝಣಝಣ ಇನ್ನೂ ಮೇಲೆ, 6,000ದಿಂದ ಆಚೆಗೆ. ಇದು ತೀರ ಕಡಿಮೆಯಾದರೆ ಕಂಬಳಿ ಹೊದಿಸಿದಂತೆ, ಹೆಚ್ಚಾದರೆ ತಗಡಿನ ಮೇಲೆ ಮಳೆ ಬಿದ್ದಂತೆ. ಈ ಭಾಗದ ಬಗ್ಗೆ ನನ್ನ ತೀರ್ಪನ್ನು ನಂಬಬೇಡಿ. ಅರವತ್ತು ದಾಟಿದ ಕಿವಿಗೆ ಮೇಲಿನ ಸದ್ದು ಸಹಜವಾಗಿಯೇ ಇಳಿದಿರುತ್ತದೆ. ನನಗೆ ಹಿತವೆನಿಸಿದ ಒಂದು ಜೊತೆಯನ್ನು ಮಗ ಕಿವಿಗಿಟ್ಟ ತಕ್ಷಣ ಕಿತ್ತು ತೆಗೆದ.

ಒಳಗಿನ ಯಂತ್ರ

ಡ್ರೈವರ್ ಎಂಬ ಪುಟ್ಟ ಸ್ಪೀಕರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಡೈನಾಮಿಕ್ ಎಂದರೆ ಮಾಮೂಲು ಸ್ಪೀಕರ್‌ನ ಚಿಕ್ಕ ರೂಪ, ತಗ್ಗಿನ ಗುದ್ದಿಗೆ ಒಳ್ಳೆಯದು. ಬ್ಯಾಲೆನ್ಸ್ಡ್ ಆರ್ಮೇಚರ್ ಬಂದದ್ದು ಶ್ರವಣಸಾಧನಗಳ ಕಡೆಯಿಂದ, ಅಕ್ಕಿಕಾಳಿಗಿಂತ ತುಸು ದೊಡ್ಡದು, ಒಂದೊಂದಕ್ಕೆ ಒಂದೊಂದು ಭಾಗ ಹಂಚಿ ಹಲವನ್ನು ಸೇರಿಸುತ್ತಾರೆ. ಪ್ಲೇನಾರ್ ಎಂದರೆ ತೆಳು ಹಾಳೆಯ ಮೇಲೆ ತಂತಿ ಹಾಯಿಸಿ ಆಯಸ್ಕಾಂತಗಳ ನಡುವೆ ಇಟ್ಟದ್ದು. 'ಹನ್ನೆರಡು ಡ್ರೈವರ್' ಎಂಬ ಜಾಹೀರಾತಿಗೆ ಮರುಳಾಗಬೇಡಿ. ಕಚೇರಿಯಲ್ಲಿ ಗುಮಾಸ್ತರ ಸಂಖ್ಯೆ ಹೆಚ್ಚಾದಷ್ಟೂ ಕಡತ ಬೇಗ ಸಾಗುತ್ತದೆ ಎಂದು ನಂಬುವವರು ಯಾರೂ ಇಲ್ಲ. ಒಂದೇ ಡೈನಾಮಿಕ್ ಡ್ರೈವರ್ ಇದ್ದೂ ಹದವಾಗಿ ಶ್ರುತಿಗೂಡಿಸಿದ ಇಯರ್‌ಫೋನ್ ಮೆಟಲ್‌ಗೆ ಧಾರಾಳವಾಗಿ ಸಾಕು.

ಕಿವಿಗೆ ಕೂರುವುದೇ ಮುಖ್ಯ

ನನ್ನನ್ನು ಕೇಳಿದರೆ ಅರ್ಧ ದೂರುಗಳು ಇಲ್ಲೇ ಬಗೆಹರಿಯುತ್ತವೆ. ಕುಕ್ಕರ್‌ನ ಗ್ಯಾಸ್ಕೆಟ್ ಸಡಿಲವಾದರೆ ವಿಷಲ್ ಬರುವುದಿಲ್ಲ. ಹಾಗೆಯೇ ತುದಿಯ ರಬ್ಬರಿಗೂ ಕಿವಿಗೂ ನಡುವೆ ಗಾಳಿ ಸೋರಿದರೆ ಮೊದಲು ಹೋಗುವುದು ತಗ್ಗಿನ ಸದ್ದು. ಕಿಕ್ ಡ್ರಮ್ ಬರೀ ಟಕಟಕ ಆಗುತ್ತದೆ, ಬೇಸ್ ಗಿಟಾರ್ ಮಾಯವಾಗುತ್ತದೆ, ಗಿಟಾರ್ ಚೀರತೊಡಗುತ್ತದೆ. ಕೇಳುವವನು 'ಬೇಸ್ ಇಲ್ಲ' ಎಂದು ಇನ್ನೂ ದುಬಾರಿಯದನ್ನು ತರಿಸುತ್ತಾನೆ.

ಪರೀಕ್ಷೆ ಸುಲಭ. ಹಾಡು ಓಡುತ್ತಿರುವಾಗ ಎರಡೂ ಕಡೆ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿಯಿರಿ. ಬೇಸ್ ತಟ್ಟನೆ ಏರಿದರೆ ನಿಮ್ಮ ರಬ್ಬರ್ ಸೋರುತ್ತಿದೆ ಎಂದರ್ಥ. ಡಬ್ಬದಲ್ಲಿ ಮೂರು ಅಳತೆಯ ರಬ್ಬರ್ ಕೊಟ್ಟಿರುತ್ತಾರೆ, ಮಧ್ಯದ್ದನ್ನು ಮೊದಲೇ ಹಾಕಿರುತ್ತಾರೆ. ಬಹಳ ಜನ ಉಳಿದದ್ದನ್ನು ಮುಟ್ಟುವುದೇ ಇಲ್ಲ. ಮೂರನ್ನೂ ಹಾಕಿ ನೋಡಿ. ಎರಡು ಕಿವಿಗೆ ಎರಡು ಅಳತೆ ಬೇಕಾದರೂ ಆಶ್ಚರ್ಯವಿಲ್ಲ, ನನಗೆ ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ. ಹಾಕುವಾಗ ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಹಿಂದಕ್ಕೂ ಮೇಲಕ್ಕೂ ಎಳೆದರೆ ನಾಳ ನೆಟ್ಟಗಾಗಿ ಸರಿಯಾಗಿ ಕೂರುತ್ತದೆ. ಹಲವು ಐಇಎಂಗಳಲ್ಲಿ ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಹಾಯಿಸಬೇಕು. ಕೆಳಕ್ಕೆ ಬಿಟ್ಟರೆ ಭಾರಕ್ಕೆ ಜಾರುತ್ತದೆ, ಅಂಗಿಗೆ ಉಜ್ಜಿದ ಸದ್ದೂ ಕೇಳುತ್ತದೆ.

ರಬ್ಬರ್ ಯಾವುದೂ ಹೊಂದದಿದ್ದರೆ ಸ್ಪಂಜಿನಂಥ ಫೋಮ್ ತುದಿ ತರಿಸಿ. ಬೆರಳಲ್ಲಿ ಹಿಸುಕಿ ಒಳಗಿಟ್ಟು ಅರ್ಧ ನಿಮಿಷ ಹಿಡಿದರೆ ಉಬ್ಬಿ ಕೂರುತ್ತದೆ. ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಮೇಲಿನ ಚೀರು ಸದ್ದನ್ನೂ ಒಂದಿಷ್ಟು ತಗ್ಗಿಸುತ್ತದೆ. ಆದರೆ ಕೆಲವು ತಿಂಗಳಿಗೆ ಸವೆಯುತ್ತದೆ, ಬದಲಿಸುತ್ತಿರಬೇಕು. ರಬ್ಬರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆದು ಒಣಗಿಸಿ ಹಾಕಿ. ಒಂದು ಕಡೆ ಸದ್ದು ಕಡಿಮೆ ಎಂದು ಬರುವವರ ಇಯರ್‌ಫೋನಿನ ಜಾಲರಿಯಲ್ಲಿ ಬಹುಪಾಲು ಕಿವಿಯ ಗುಗ್ಗೆ ಕೂತಿರುತ್ತದೆ. ಕಿವಿಯೊಳಗಿನ ಗುಗ್ಗೆಯನ್ನು ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ.

ಎಷ್ಟು ಹಣಕ್ಕೆ ಏನು

ಬೆಲೆ ಏರಿಳಿಯುತ್ತಿರುತ್ತದೆ, ಆದ್ದರಿಂದ ಅಂದಾಜು ಮಾತ್ರ ಹೇಳುತ್ತೇನೆ. ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಮೂನ್‌ಡ್ರಾಪ್ ಚು 2 ಮತ್ತು 7ಹರ್ಟ್ಸ್ ಝೀರೋ 2 ಎಂಬ ಎರಡು ಇವೆ. ಎರಡೂ ಒಂದೇ ಡೈನಾಮಿಕ್ ಡ್ರೈವರಿನವು, ವೈರ್ ಹಾಳಾದರೆ ಬದಲಿಸಬಹುದು. ಝೀರೋ 2ರಲ್ಲಿ ತಗ್ಗಿನ ತೂಕ ಹೆಚ್ಚು, ಗಿಟಾರ್ ಅಷ್ಟು ಚುಚ್ಚುವುದಿಲ್ಲ. ಮೊದಲ ಬಾರಿ ಕೊಳ್ಳುವ ವಿದ್ಯಾರ್ಥಿಗೆ ನಾನು ಹೇಳುವುದು ಅದನ್ನೇ. ಅದಕ್ಕಿಂತ ಮೇಲಿನ ಬೆಲೆಯಲ್ಲಿ ಟ್ರೂಥಿಯರ್ ಝೀರೋ ರೆಡ್ ಇದೆ. ಎರಡು ಡೈನಾಮಿಕ್ ಡ್ರೈವರ್, ಜೊತೆಗೆ ಬೇಸ್ ಏರಿಸುವ ಪುಟ್ಟ ಅಡಾಪ್ಟರ್ ಕೊಡುತ್ತಾರೆ. ಅದರ ಮೂತಿ ದಪ್ಪ, ಕಿರಿದಾದ ಕಿವಿಯವರಿಗೆ ನೋವಾಗುತ್ತದೆ. ಅದೇ ಕಂಪನಿಯ ಹೆಕ್ಸಾದಲ್ಲಿ ಒಂದು ಡೈನಾಮಿಕ್, ಮೂರು ಆರ್ಮೇಚರ್. ವಾದ್ಯಗಳನ್ನು ಬಿಡಿಸಿ ತೋರಿಸುವುದರಲ್ಲಿ ಚೊಕ್ಕ, ಆದರೆ ಗುದ್ದು ಸಾಲದು ಎನ್ನುವವರಿದ್ದಾರೆ. ಹತ್ತು ಸಾವಿರ ದಾಟಿದರೆ ಪ್ಲೇನಾರ್ ಬಗೆಯ ಲೆಟ್‌ಶೂಯರ್ ಎಸ್12, ಡೈನಾಮಿಕ್ ಬಗೆಯ ಸೆನ್‌ಹೈಸರ್ ಐಇ 200 ಮುಂತಾದವು. ಎಸಿ/ಡಿಸಿ, ಡೀಪ್ ಪರ್ಪಲ್‌ನಂಥ ಹಾರ್ಡ್ ರಾಕ್ ಕೇಳುವವರಿಗೆ ಹೆಚ್ಚು ಯೋಚನೆ ಬೇಡ. ಅಲ್ಲಿ ವಾದ್ಯಗಳ ನಡುವೆ ಗಾಳಿಯಾಡುತ್ತದೆ, ಧ್ವನಿ ಸ್ಪಷ್ಟವಾಗಿ ಕೇಳುವ ಯಾವುದಾದರೂ ಆದೀತು. ಆಯ್ಕೆ ಕಠಿಣವಾಗುವುದು ಸ್ಲೇಯರ್, ಮೆಶುಗ್ಗಾ ದಾರಿಯವರಿಗೆ.

ಈಗಿನ ಬಹಳಷ್ಟು ಫೋನುಗಳಲ್ಲಿ ಇಯರ್‌ಫೋನ್ ತೂತೇ ಇಲ್ಲ. ಚಾರ್ಜರ್ ತೂತಿಗೆ ಸಿಕ್ಕಿಸುವ ಚಿಕ್ಕ ಡಾಂಗಲ್ ಸಾಕು, ದೊಡ್ಡ ಆಂಪ್ಲಿಫೈಯರ್ ಬೇಕಿಲ್ಲ. ಇರುವ ಇಯರ್‌ಫೋನಿನಲ್ಲೇ ಗಿಟಾರ್ ಚುಚ್ಚುತ್ತಿದೆ ಎನಿಸಿದರೆ ಹೊಸದಕ್ಕೆ ಹಣ ಹಾಕುವ ಮೊದಲು ಫೋನಿನ ಈಕ್ವಲೈಜರ್ ತೆರೆದು 3,000 ಹರ್ಟ್ಸ್ ಸುತ್ತ ಎರಡು ಮೂರು ಡೆಸಿಬೆಲ್ ಇಳಿಸಿ ನೋಡಿ. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಎಂಬ ಆ್ಯಪ್ ಇದಕ್ಕೆ ಅನುಕೂಲ.

ಯಾವ ಹಾಡು ಹಾಕಿ ಪರೀಕ್ಷಿಸಬೇಕು

ಐರನ್ ಮೇಡನ್‌ನ 'ದ ಟ್ರೂಪರ್' (1983) ಹಾಕಿ. ಕುದುರೆ ಓಟದಂತೆ ಸಾಗುವ ಸ್ಟೀವ್ ಹ್ಯಾರಿಸ್‌ರ ಬೇಸ್ ಗಿಟಾರ್ ಎರಡು ಗಿಟಾರ್‌ಗಳ ಕೆಳಗೆ ಬಿಡದೆ ಕೇಳುತ್ತಿರಬೇಕು. ಸ್ಲೇಯರ್‌ನ 'ಏಂಜೆಲ್ ಆಫ್ ಡೆತ್' (1986), ಮೆಶುಗ್ಗಾದ 'ಬ್ಲೀಡ್' (2008) ಕಿಕ್ ಡ್ರಮ್‌ಗೆ. ಒಂದೊಂದು ಪೆಟ್ಟನ್ನೂ ಎಣಿಸುವಂತೆ ಕೇಳಿಸಿದರೆ ಪಾಸು, ಗುಂಯ್ ಎಂದು ಒಂದಾದರೆ ಫೇಲು. ಮೆದುವೂ ಅಬ್ಬರವೂ ಒಂದರೊಳಗೊಂದು ಬರುವುದಕ್ಕೆ ಓಪೆತ್ ತಂಡದ 'ಬ್ಲ್ಯಾಕ್‌ವಾಟರ್ ಪಾರ್ಕ್' (2001). ನಮ್ಮ ಬೆಂಗಳೂರಿನದೇ ಬೇಕೆಂದರೆ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಇದ್ದಾರೆ. ಇಂಗ್ಲಿಷಿನಲ್ಲಿ ಹಾಡುತ್ತಾರೆ ಎಂಬ ನನ್ನ ತಕರಾರು ಹಾಗೇ ಇರಲಿ, ಗಿಟಾರ್ ಕೆಲಸ ಅಚ್ಚುಕಟ್ಟು.

ಧ್ವನಿಮುದ್ರಣದ ದೋಷವನ್ನು ಇಯರ್‌ಫೋನಿನ ತಲೆಗೆ ಕಟ್ಟಬಾರದು. ಮೆಟಾಲಿಕಾದ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಎನ್ನುವಷ್ಟು ತಗ್ಗಿಸಿದ್ದಾರೆ. ಅದರಲ್ಲಿ ಬೇಸ್ ಹುಡುಕಿ ಸುಸ್ತಾಗಬೇಡಿ. ಅವರದೇ 2008ರ 'ಡೆತ್ ಮ್ಯಾಗ್ನೆಟಿಕ್' ಅನ್ನು ಎಷ್ಟು ಜೋರಾಗಿ ಮುದ್ರಿಸಿದ್ದಾರೆಂದರೆ ಸದ್ದು ಒಡೆದು ಕೇಳುತ್ತದೆ. ಯಾವ ಬೆಲೆಯ ಇಯರ್‌ಫೋನಿನಲ್ಲೂ ಅದು ಸರಿಹೋಗುವುದಿಲ್ಲ.

ವಾಲ್ಯೂಮ್ ಎಷ್ಟಿರಬೇಕು

2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮ ಹೊಸೂರಿನ ಹುಡುಗರೂ ಹೋಗಿ ಬಂದರು. ಮಾರನೇ ದಿನ ಕಿವಿ ಗುಂಯ್‌ಗುಟ್ಟುತ್ತಿದೆ ಎಂದು ಹೆಮ್ಮೆಯಿಂದಲೇ ಹೇಳಿಕೊಂಡಿದ್ದರು. ವರ್ಷಕ್ಕೊಂದು ದಿನದ ಮಾತು ಅದು. ಬೆಳಿಗ್ಗೆ ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸಿನಲ್ಲಿ, ಸಂಜೆ ವಾಪಸು, ದಿನಕ್ಕೆ ಎರಡು ಮೂರು ಗಂಟೆ, ಇಂಜಿನ್ನಿನ ಸದ್ದನ್ನು ಮೀರಲೆಂದು ವಾಲ್ಯೂಮ್ ತುದಿಗೆ ಏರಿಸಿ ಕೇಳುವುದು ಅದಕ್ಕಿಂತ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ಇದು ವಾರಕ್ಕೆ, ದಿನಕ್ಕಲ್ಲ. ಫೋನಿನ ವಾಲ್ಯೂಮ್ ತುದಿಗೇರಿಸಿದರೆ ಒಳ್ಳೆಯ ಐಇಎಂ 100 ಡೆಸಿಬೆಲ್ ದಾಟಬಲ್ಲದು. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೆಟಾಲಿಕಾದ ಡ್ರಮ್ ವಾದಕ ಲಾರ್ಸ್ ಉಲ್ರಿಕ್ ತಮ್ಮ ಕಿವಿಯಲ್ಲಿ ನಿಲ್ಲದ ಗುಂಯ್‌ಗುಡುವಿಕೆ ಇದೆ ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ಎಸಿ/ಡಿಸಿಯ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸದ ನಡುವೆಯೇ ಕೇಳುವಿಕೆಯ ತೊಂದರೆಯಿಂದ ಹಾಡುವುದನ್ನು ನಿಲ್ಲಿಸಬೇಕಾಯಿತು.

ನಾನು ಅನುಸರಿಸುವುದು ಇಷ್ಟು: ಮನೆಯಲ್ಲಿ, ಸದ್ದಿಲ್ಲದ ಕೋಣೆಯಲ್ಲಿ, ಹಿತವೆನಿಸುವ ವಾಲ್ಯೂಮ್ ಎಷ್ಟೆಂದು ನೋಡಿಕೊಳ್ಳಿ. ಬಸ್ಸಿನಲ್ಲೂ ಅಷ್ಟೇ ಇಡಿ. ಅಷ್ಟಕ್ಕೆ ಕೇಳಿಸದಿದ್ದರೆ ಬದಲಿಸಬೇಕಾದದ್ದು ತುದಿಯ ರಬ್ಬರನ್ನು. ಕೇಳಿ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎಂದರೆ, ಎದುರಿನವರ ಮಾತು ಮಂಕಾಗಿ ಕೇಳಿದರೆ ಅಂದಿಗೆ ಮಿತಿ ಮೀರಿದೆ ಎಂದರ್ಥ. ಗುಂಯ್ ಒಂದೆರಡು ದಿನಕ್ಕೂ ನಿಲ್ಲದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದೇ ದಿನ ಹೋಗಬೇಕು, ಕಾಯುವಂತಿಲ್ಲ. ತಾಳವಾಡಿ, ವಯನಾಡು, ನೀಲಗಿರಿ ಕಡೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರ, ಮಾತೂ ಕನ್ನಡದಲ್ಲೇ ಆಗುತ್ತದೆ. ಸೊಲ್ಲಾಪುರ, ಜತ್ತ ಕಡೆಯವರಿಗೆ ಮುಂಬೈಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ತೆಲಂಗಾಣದವರಿಗೆ ಅದರದೇ ಕೇಂದ್ರ ಸಿಕಂದರಾಬಾದಿನಲ್ಲಿದೆ.

ಮೇಲೆ ಹೇಳಿದವುಗಳಲ್ಲಿ ಝೀರೋ 2, ಚು 2, ಹೆಕ್ಸಾ ಮೂರನ್ನು ಸದಸ್ಯರೊಬ್ಬರು ಸಂಘದ ಕಚೇರಿಯಲ್ಲಿ ಇಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಗ್ರಂಥಾಲಯ ತೆರೆದಿರುವ ಹೊತ್ತಿನಲ್ಲಿ ಬಂದು ನಿಮ್ಮ ಹಾಡು ಹಾಕಿ ಕೇಳಿ ನೋಡಬಹುದು. ತುದಿಯ ರಬ್ಬರ್ ಮಾತ್ರ ನೀವೇ ತರಬೇಕು, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವುದು ಬೇಡ. ಹೆಸರು, ಸಮಯವನ್ನು ಮೇಜಿನ ಮೇಲಿನ ಪುಸ್ತಕದಲ್ಲಿ ಬರೆದು ಸಹಿ ಹಾಕಿ.